ಬಂಡೀಪುರದ ಹತ್ತಿರ ನಕ್ಷತ್ರ ನೋಡಲು ಎಲ್ಲಿ ಉಳಿಯಬೇಕು? ರೂಮಿಗಿಂತ ಮೊದಲು ಅಂಗಳ ನೋಡಿ

ಮೇಡಂ, ಶಿವರಾತ್ರಿ ವಾರ ಬೆಂಗಳೂರಿನಿಂದ ಎರಡು ರಾತ್ರಿಗೆ ಹೊರಟಿದ್ದೀರಿ. ಜೊತೆಗೆ ಇಬ್ಬರು ಮಕ್ಕಳು, ಅತ್ತೆ, 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್. ಬಂಡೀಪುರದ ಒಳಗಿನ ಅರಣ್ಯ ಇಲಾಖೆ ಕಾಟೇಜು, ಊಟಿ ರಸ್ತೆಯ ರೆಸಾರ್ಟು, ಕಾಡಂಚಿನ ಮಂಗಲ ಹಳ್ಳಿ ಕಡೆಯ ಹೋಂಸ್ಟೇ, ಇಲ್ಲಾ ಕಬಿನಿ, ಈ ನಾಲ್ಕರಲ್ಲಿ ಯಾವುದು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಕೆಲವರು ಕಾಡಿನ ಒಳಗೆ ಹೋದಷ್ಟೂ ಒಳ್ಳೆಯದು ಎಂದು ಬರೆದಿದ್ದಾರೆ. ಕತ್ತಲೆಯ ಲೆಕ್ಕದಲ್ಲಿ ಅದು ಸರಿಯೇ. ನಾನು ಮಾತ್ರ ನಿಮಗೆ ಬೇರೆಯದನ್ನೇ ಹೇಳುತ್ತೇನೆ.

ನಮ್ಮ ಕಾಡುಗಳಲ್ಲಿ ರಾತ್ರಿ ಎಲ್ಲೂ ಓಡಾಡುವ ಹಾಗಿಲ್ಲ. ಅಮೆರಿಕದ ಪಾರ್ಕುಗಳ ವಿಡಿಯೋ ನೋಡಿದವರಿಗೆ ಇದು ತಲೆಗೆ ಹೋಗುವುದಿಲ್ಲ. ಅಲ್ಲಿ ರಾತ್ರಿ ಹನ್ನೆರಡಕ್ಕೆ ಕಾರು ತೆಗೆದುಕೊಂಡು ಹೋಗಿ ಬಯಲಲ್ಲಿ ಟೆಲಿಸ್ಕೋಪ್ ಇಡುತ್ತಾರೆ. ಇಲ್ಲಿ ಬಂಡೀಪುರದ ಮೂಲಕ ಹಾಯುವ ಕೇರಳದ ರಸ್ತೆ, ಊಟಿ ರಸ್ತೆ ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. 2009ರಿಂದ ಹೀಗೇ ಇದೆ. ಕಾಡಂಚಿನ ಊರಿನ ರಸ್ತೆ ತೆರೆದಿದ್ದರೂ ಕತ್ತಲಲ್ಲಿ ಆನೆ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ನೀವು ಉಳಿಯುವ ಜಾಗದ ಕಾಂಪೌಂಡೇ ನಿಮ್ಮ ವೀಕ್ಷಣಾಲಯ. ಅದರಾಚೆ ಎಷ್ಟೇ ಚೆಂದದ ಕತ್ತಲೆ ಇದ್ದರೂ ಅದು ನಿಮ್ಮದಲ್ಲ. ರೂಮು, ಊಟ, ಈಜುಕೊಳ ಎಲ್ಲ ಆಮೇಲೆ. ಕಾಂಪೌಂಡಿನ ಒಳಗೆ ನಿಂತರೆ ಎಷ್ಟು ಆಕಾಶ ಕಾಣುತ್ತದೆ, ಯಾವ ದಿಕ್ಕಿನದು ಕಾಣುತ್ತದೆ, ಅದನ್ನು ಮೊದಲು ಕೇಳಿ.

ದಿಕ್ಕಿನ ಮಾತು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬುಕಿಂಗ್ ಮಾಡುವಾಗ ಇದನ್ನು ಯಾರೂ ನೋಡುವುದಿಲ್ಲ. ಬಂಡೀಪುರ ಇರುವುದು ಸುಮಾರು 11.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದೆಹಲಿಯವರಿಗೆ ಸಿಗದ ದಕ್ಷಿಣದ ಆಕಾಶ ನಮಗೆ ಪುಕ್ಕಟೆ ಸಿಗುತ್ತದೆ. ಫೆಬ್ರವರಿ ಕೊನೆಯ ಲೆಕ್ಕ ಹಿಡಿದರೆ, ಸಂಜೆ ಕತ್ತಲಾದ ಮೇಲೆ ಅಗಸ್ತ್ಯ ನಕ್ಷತ್ರ (ಕೆನೋಪಸ್) ದಕ್ಷಿಣದಲ್ಲಿ 25 ಡಿಗ್ರಿ ಎತ್ತರಕ್ಕೆ ಬರುತ್ತದೆ. ರಾತ್ರಿ ಎರಡು ದಾಟಿದ ಮೇಲೆ ತ್ರಿಶಂಕು (ಸದರ್ನ್ ಕ್ರಾಸ್ ನಕ್ಷತ್ರಪುಂಜ) ನೆಟ್ಟಗೆ ನಿಲ್ಲುತ್ತದೆ. ಮೂರರ ಆಸುಪಾಸಿನಲ್ಲಿ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗಳ ದಟ್ಟ ಗುಚ್ಛ ಸುಮಾರು 31 ಡಿಗ್ರಿ ಮೇಲೆ. ಎಂಟು ಇಂಚಿನಲ್ಲಿ ಅದನ್ನು ನೋಡಿದರೆ ನಿಮ್ಮ ಮಕ್ಕಳು ಕಣ್ಣು ತೆಗೆಯುವುದಿಲ್ಲ, ಬರೆದಿಟ್ಟುಕೊಳ್ಳಿ. ನಾಲ್ಕರಿಂದ ಐದೂಕಾಲರವರೆಗೆ ಆಗ್ನೇಯದಲ್ಲಿ ವೃಶ್ಚಿಕ, ಧನು, ಆಕಾಶಗಂಗೆಯ ದಟ್ಟ ಭಾಗ. ನೋಡಬೇಕಾದದ್ದರಲ್ಲಿ ಬಹುಪಾಲು ದಕ್ಷಿಣ ಮತ್ತು ಆಗ್ನೇಯದಲ್ಲೇ ಇದೆ.

ತ್ರಿಶಂಕುವಿನ ಬುಡದ ನಕ್ಷತ್ರ ಇಲ್ಲಿ ಏರುವುದೇ ಹೆಚ್ಚೆಂದರೆ 15 ಡಿಗ್ರಿ. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ ಅಲ್ವಾ, ಅಂದರೆ ಒಂದೂವರೆ ಮುಷ್ಟಿ. 50 ಮೀಟರ್ ದೂರದಲ್ಲಿ ನಿಂತ 15 ಮೀಟರ್ ಎತ್ತರದ ಮರ 17 ಡಿಗ್ರಿಯಷ್ಟು ಆಕಾಶ ಮುಚ್ಚಿಬಿಡುತ್ತದೆ. ಅಲ್ಲಿಗೆ ತ್ರಿಶಂಕುವಿನ ಬುಡ ಹೋಯಿತು. ಕಾಡಿನ ನಡುವಿನ ಕಾಟೇಜಿನ ತೊಂದರೆ ಇದೇ. ಆ ಹೊತ್ತಿಗೆ ಒಣ ಎಲೆ ಉದುರಿ ಕೊಂಬೆಗಳ ನಡುವೆ ಒಂದಿಷ್ಟು ಕಾಣಬಹುದು, ಟೆಲಿಸ್ಕೋಪಿಗೆ ಅದು ಸಾಲದು.

ಈಗ ನಿಮ್ಮ ನಾಲ್ಕು ಜಾಗ. ಒಳಗಿನ ಇಲಾಖೆ ಕಾಟೇಜು ಕತ್ತಲೆಗೆ ಮೊದಲ ಸ್ಥಾನ. ಒಂಬತ್ತರ ಮೇಲೆ ರಸ್ತೆಯಲ್ಲಿ ಹೆಡ್‌ಲೈಟೂ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಜಿಂಕೆಗಳು ಬಾಗಿಲ ಮುಂದೆಯೇ ಮೇಯುವ ಜಾಗ ಅದು. ಜಿಂಕೆ ಇದ್ದಲ್ಲಿ ಅದನ್ನು ಹುಡುಕಿಕೊಂಡು ಬರುವವೂ ಇರುತ್ತವೆ. ರಾತ್ರಿ ಎರಡಕ್ಕೆ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿಕೊಳ್ಳುವುದು ಆಗದ ಮಾತು. ಇಬ್ಬರು ಗೆಳೆಯರು ಸಫಾರಿಗೆ ಹೋಗುವುದಾದರೆ ಸರಿ, ನಿಮಗೆ ಬೇಡ.

ಊಟಿ ರಸ್ತೆಯ ಮೇಲುಕಾಮನಹಳ್ಳಿ ಕಡೆಯ ರೆಸಾರ್ಟುಗಳಲ್ಲಿ ಗೇಟು ಮುಚ್ಚುವ ಮುಂಚಿನ ಒಂದು ಗಂಟೆ ಗಾಡಿಗಳ ಗಲಾಟೆ. ಒಂಬತ್ತರ ನಂತರ ಶಾಂತ. ಗುಂಡ್ಲುಪೇಟೆ, ಮೈಸೂರಿನ ಬೆಳಕು ಉತ್ತರದಲ್ಲಿ, ಕಾಡು ದಕ್ಷಿಣದಲ್ಲಿ. ದಿಕ್ಕು ನಮಗೆ ಅನುಕೂಲವೇ. ಇಲ್ಲಿ ನೋಡಬೇಕಾದದ್ದು ರೆಸಾರ್ಟಿನ ಸ್ವಂತ ದೀಪ. ಲೈಟ್ ಪೊಲ್ಯೂಷನ್ ಮ್ಯಾಪ್ ನೋಡಿ ಬುಕ್ ಮಾಡುವವರಿಗೆ ಒಂದು ಮಾತು. ಆ ಮ್ಯಾಪಿನ ಒಂದು ಚುಕ್ಕಿ ಅರ್ಧ-ಮುಕ್ಕಾಲು ಕಿಲೋಮೀಟರ್ ಅಗಲದ್ದು. ಊರಿನ ಬೆಳಕು ಅದರಲ್ಲಿ ಗೊತ್ತಾಗುತ್ತದೆ. ನಿಮ್ಮ ಕಣ್ಣಿಗೇ ಹೊಡೆಯುವ ಪಾರ್ಕಿಂಗಿನ ಫ್ಲಡ್‌ಲೈಟ್ ಗೊತ್ತಾಗುವುದಿಲ್ಲ.

ಕಬಿನಿಯ ಕಾರಾಪುರ ಕಡೆ ನನಗೆ ಬಹಳ ಇಷ್ಟ. ಹಿನ್ನೀರು ದಕ್ಷಿಣಕ್ಕಿದೆ, ಅದರಾಚೆ ಮತ್ತೆ ಬಂಡೀಪುರದ ಕಾಡು. ಮರದ ಅಡ್ಡವಿಲ್ಲದ ದಕ್ಷಿಣ ದಿಗಂತ ಈ ಸೀಮೆಯಲ್ಲಿ ಇಷ್ಟು ಸುಲಭವಾಗಿ ಬೇರೆಲ್ಲೂ ಸಿಗುವುದಿಲ್ಲ. ಆದರೆ ರೇಟು ಜಾಸ್ತಿ, ಮತ್ತು ಬೆಳಗಿನ ಜಾವ ನೀರಿನ ಮೇಲಿಂದ ಮಂಜು ಎದ್ದರೆ ಟೆಲಿಸ್ಕೋಪಿನ ಕನ್ನಡಿ, ಕಣ್ಣಿಟ್ಟು ನೋಡುವ ಐಪೀಸ್ ಎಲ್ಲ ಒದ್ದೆ. ಸರಿಯಾಗಿ ಆಕಾಶಗಂಗೆ ಏರುವ ಹೊತ್ತಿಗೇ ಮಂಜು ಬರುವುದು.

ನಾನು ನಿಮ್ಮ ಜಾಗದಲ್ಲಿದ್ದರೆ ಮಂಗಲ ಅಥವಾ ಹಂಗಳ ಕಡೆ ತಾರಸಿ ಇರುವ ಹೋಂಸ್ಟೇ ಹಿಡಿಯುತ್ತೇನೆ. ಸುತ್ತ ಹೊಲ ಇರಬೇಕು, ಸೋಲಾರ್ ಬೇಲಿ ಇರಬೇಕು, ತಾರಸಿಗೆ ಸರಿಯಾದ ಮೆಟ್ಟಿಲು ಇರಬೇಕು. ಏಣಿ ಹಾಕಿ ಹತ್ತುವ ತಾರಸಿಗೆ 20 ಕಿಲೋ ಮೇಲಿನ ಡಾಬ್ಸೋನಿಯನ್ ಏರುವುದಿಲ್ಲ, ಅತ್ತೆಯೂ ಏರುವುದಿಲ್ಲ. ಯಾರಾದರೂ ತಮಿಳುನಾಡು ಕಡೆಯ ಮಸಿನಗುಡಿ ಹೇಳಿದರೆ ಈ ಸಲ ಬಿಡಿ. ದಕ್ಷಿಣಕ್ಕೆ ನೀಲಗಿರಿ ಬೆಟ್ಟ ಗೋಡೆಯ ಹಾಗೆ ನಿಂತಿದೆ, ಜೊತೆಗೆ ನೀಲಗಿರಿ ಜಿಲ್ಲೆಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇರೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೂ ಒಬ್ಬರು ಹೇಳಿದ್ದಾರೆ. ಅಲ್ಲಿ ಸ್ವಂತ ಗಾಡಿ ಬಿಡುವುದಿಲ್ಲ, ಸಂಜೆಗೆ ಮುಂಚೆಯೇ ಎಲ್ಲರನ್ನೂ ಕೆಳಗಿಳಿಸುತ್ತಾರೆ. ಹಗಲು ಹೋಗಿ ಬನ್ನಿ.

ಫೋನಿನಲ್ಲಿ "ನಕ್ಷತ್ರ ಕಾಣುತ್ತಾ?" ಅಂತ ಕೇಳಬೇಡಿ. ಎಲ್ಲರೂ ಸೂಪರ್ ಆಗಿ ಕಾಣುತ್ತೆ ಅಂತಾರೆ. ಹೀಗೆ ಕೇಳಿ: ರಾತ್ರಿ ಹತ್ತರ ಮೇಲೆ ಯಾವ ಯಾವ ದೀಪ ಉರಿಯುತ್ತವೆ? ಅವುಗಳ ಸ್ವಿಚ್ ಯಾರ ಕೈಯಲ್ಲಿದೆ? ಕ್ಯಾಂಪ್‌ಫೈರ್ ಎಲ್ಲಿ, ಎಷ್ಟು ಹೊತ್ತಿನ ತನಕ? ಕಾರಿನಿಂದ ಅಂಗಳಕ್ಕೆ ಎಷ್ಟು ದೂರ? ತಾರಸಿಯಲ್ಲಿ ನಿಂತು ದಕ್ಷಿಣ ದಿಕ್ಕಿನ ಒಂದು ಫೋಟೋ ವಾಟ್ಸಾಪ್ ಮಾಡಲು ಹೇಳಿ. ಹಗಲಿನ ಫೋಟೋ ಸಾಕು. ಫೋಟೋ ಕಳಿಸಲು ಬೇಸರ ಪಡುವವರು ದೀಪ ಆರಿಸಲು ಇನ್ನೂ ಬೇಸರ ಪಡುತ್ತಾರೆ. ಎಲ್ಲ ದೀಪ ಆರಿಸಿ ಅಂತ ಹಟ ಹಿಡಿಯಬೇಡಿ. ಆನೆ ಕಾಟದ ಊರಲ್ಲಿ ಅವರಿಗೆ ಬೆಳಕು ಬೇಕೇ ಬೇಕು. ನಿಮ್ಮ ಮೂಲೆಯ ಒಂದೆರಡು ದೀಪ ಆರಿಸಿದರೆ, ಉಳಿದವಕ್ಕೆ ಮೇಲಿಂದ ಮರೆ ಇದ್ದರೆ ಸಾಕು. ಮಹಾರಾಷ್ಟ್ರದ ಪೆಂಚ್ ಹುಲಿ ಅಭಯಾರಣ್ಯಕ್ಕೆ 2024ರಲ್ಲಿ ಡಾರ್ಕ್ ಸ್ಕೈ ಪಾರ್ಕ್ ಮಾನ್ಯತೆ ಸಿಕ್ಕಿತಲ್ಲ, ಅಲ್ಲಿ ಸುತ್ತಲಿನ ಹಳ್ಳಿಗಳ ಬೀದಿ ದೀಪ ಕೆಳಮುಖ ಮಾಡಿದ್ದೂ ಆ ಕೆಲಸದ ಭಾಗವೇ.

ಸಫಾರಿ ಸೇರಿದ ಪ್ಯಾಕೇಜ್ ಬೇಡ. ಐದೂಕಾಲರ ತನಕ ಆಕಾಶ ನೋಡಿದವರನ್ನು ಆರು ಗಂಟೆಗೆ ಜೀಪಿಗೆ ಕರೆದರೆ ಯಾರು ಹೋಗುತ್ತಾರೆ? ರೂಮು, ಊಟ ಮಾತ್ರ ಕೊಡುತ್ತಾರಾ ಕೇಳಿ. ಸಫಾರಿ ಬೇಕೇ ಬೇಕೆಂದರೆ ಮಧ್ಯಾಹ್ನದ್ದು ನೋಡಿ.

ದಿನ ಚೆನ್ನಾಗಿ ಆರಿಸಿದ್ದೀರಿ. ಶಿವರಾತ್ರಿ ಅಂದರೆ ಚತುರ್ದಶಿ, ಚಂದ್ರನ ಕಾಟ ಬೆಳಗಾಗುವ ತನಕ ಇಲ್ಲ. ಅತ್ತೆಗೆ ಹೇಗೂ ಜಾಗರಣೆ ಇರುತ್ತದೆ, ಅಗಸ್ತ್ಯನನ್ನು ಅವರಿಗೇ ಮೊದಲು ತೋರಿಸಿ. ರಜೆ ಸೇರಿ ವಾರಾಂತ್ಯ ಬಂದರೆ ಹಾಡು, ಡಿಜೆ ಹಾಕುವ ಗುಂಪುಗಳು ಬರುತ್ತವೆ. ಹಾಗಿದ್ದರೆ ಅಮಾವಾಸ್ಯೆ ಕಳೆದ ಮೇಲಿನ ಎರಡು ದಿನಕ್ಕೆ ಸರಿಸಿಕೊಳ್ಳಿ. ತೆಳು ಚಂದ್ರ ಸಂಜೆಯೇ ಮುಳುಗುತ್ತಾನೆ. ಮಾರ್ಚಿಗೆ ಮುಂದೂಡಿದರೆ ಕಾಡ್ಗಿಚ್ಚಿನ ಹೊಗೆ ಇದೆಯಾ ಅಂತ ಹೊರಡುವ ಹಿಂದಿನ ದಿನ ಹೋಂಸ್ಟೇಯವರನ್ನೇ ಕೇಳಿ.

ನಕ್ಷತ್ರ ತೋರಿಸುವ ಹಸಿರು ಲೇಸರ್ ಮನೆಯಲ್ಲೇ ಬಿಟ್ಟು ಬನ್ನಿ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಕಾಡಿನ ಕಡೆ ಬಿಡಬೇಡಿ. ಅರಣ್ಯ ಸಿಬ್ಬಂದಿಗೆ ದೂರದಿಂದ ಅದು ಬೇಟೆಯವರ ಬೆಳಕಿನ ಹಾಗೇ ಕಾಣುತ್ತದೆ. ಎರಡು-ಮೂರು ಹೋಂಸ್ಟೇಗಳಿಂದ ದಕ್ಷಿಣದ ಫೋಟೋ ಬಂದ ಮೇಲೆ ಇಲ್ಲೇ ಹಾಕಿ, ಮರದ ಎತ್ತರ ಲೆಕ್ಕ ಹಾಕಿ ಹೇಳುತ್ತೇನೆ.