ಪಂಕ್ ಬ್ಯಾಂಡ್ ತತ್ವಪದ ನುಡಿಸೋದು ಹೇಗೆ?

ಹುಬ್ಬಳ್ಳಿಯ ಪಂಕ್ (ವೇಗದ, ಅಬ್ಬರದ ರಾಕ್) ಬ್ಯಾಂಡೊಂದು ಶಿಶುನಾಳ ಶರೀಫರ (1819–1889) ಪದ ನುಡಿಸಬೇಕಂದ್ರೆ ಏನು ಬದಲಿಸಬೇಕು ಅನ್ನೋದು ಪ್ರಶ್ನೆ.

ಗಿಟಾರಿಗೆ ಹೆಚ್ಚು ಕಷ್ಟವಿಲ್ಲ. ಪವರ್ ಕಾರ್ಡ್ ಅಂದ್ರೆ ಸಾ ಮತ್ತು ಪ ಒಟ್ಟಿಗೆ ಮೀಟೋದು. ತಂಬೂರಿಯಲ್ಲಿ ಸಾಮಾನ್ಯವಾಗಿ ಮೀಟೋದೂ ಅದನ್ನೇ. ಹಾಡುವವರು ಹಾರ್ಮೋನಿಯಂನ ಕರಿ ಒಂದರ (ಸಿ ಶಾರ್ಪ್) ಶ್ರುತಿಯಲ್ಲಿದ್ರೆ ‘ಎ’ ತಂತಿಯ 4ನೇ ಫ್ರೆಟ್ಟಿನಿಂದ ಪವರ್ ಕಾರ್ಡ್ ಹಿಡಿದು ಅಲ್ಲೇ ನಿಲ್ಲಿ. ಪಂಕ್‌ನಲ್ಲಿ ಮಾಡಿದಂಗೆ ಕಾರ್ಡ್ ಬದಲಿಸ್ತಾ ಹೋದ್ರೆ ಷಡ್ಜ (ಸಾ) ಕೈತಪ್ಪಿ ಹಾಡುವವರು ಶ್ರುತಿ ಬಿಡ್ತಾರೆ. ಮಾಲಕಂಸದಂಥ ಪಂಚಮ (ಪ) ಇಲ್ಲದ ರಾಗಕ್ಕೆ ಸಾ–ಮ ಹಿಡೀರಿ.

ನಿಜವಾದ ತೊಡಕು ವೇಗದ್ದು. ಪಂಕ್‌ನಂಗೆ ನಿಮಿಷಕ್ಕೆ 180 ಬೀಟ್‌ನಲ್ಲಿ ಸಾಹಿತ್ಯ ಕೇಳಿಸೋದೇ ಇಲ್ಲ, ಮಾತು ಮುಟ್ಟದಿದ್ರೆ ಅದು ತತ್ವಪದವೇ ಅಲ್ಲ. 90ರ ಆಸುಪಾಸಿಗೆ ಇಳಿಸಿ. ಎಂಟು ಮಾತ್ರೆಯ ಕೆಹರವಾ ತಾಳದಲ್ಲಿ ಒಂದನೇ ಮಾತ್ರೆಗೆ ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್), ಐದಕ್ಕೆ ಸ್ನೇರ್ ಡ್ರಮ್ಮಿನ ಅಂಚಿಗೆ ಮೆಲ್ಲಗೆ ಕಡ್ಡಿ ತಾಗಿಸಿದ್ರೆ ಸಾಕು. ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ಸಿಂಬಲ್) ಪೂರ್ತಿ ಬಿಡಿ. ಆ ಜಾಗ ಭಜನಿಯ ಕೈತಾಳದ್ದು, ಎರಡೂ ಸೇರಿದ್ರೆ ಬರೀ ಕಿಣಿಕಿಣಿ.

ಪಂಕ್‌ನ ಗುಂಪುಕೂಗನ್ನು ಮಾತ್ರ ಬಿಡಬೇಡಿ! ಪಲ್ಲವಿಯನ್ನು ಹಿಮ್ಮೇಳ ತಿರುಗಿಸಿ ಹೇಳೋ ಕಡೆ ಅದು ಚಂದ ಕೂಡ್ತದೆ. ನುಡಿ (ಚರಣ) ಒಬ್ಬರೇ ಹೇಳಲಿ, ಆಗ ಗಿಟಾರಿನ ದನಿ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್ ಆಫ್ ಇರಲಿ.