ಗುಜರಿಯಲ್ಲಿ ಸಿಕ್ಕ ಕಾಯಿನ್ ಕುದುರೆ ಎಷ್ಟು ಹಳೆಯದು? ಮತ್ತೆ ಓಡಿಸಬಹುದೇ?

ಬಳ್ಳಾರಿಯ ಗುಜರಿ ಅಂಗಡಿಯಲ್ಲಿ ಕೊಂಡ, ಕಾಯಿನ್ ಹಾಕಿದರೆ ಕುಣಿಯುವ ಮಕ್ಕಳ ಕುದುರೆಯ ಬಗ್ಗೆ ಕೇಳಿದ್ದೀರಿ. ಓಡಿಸಬಹುದು. ವಯಸ್ಸಿಗೆ ಮಾತ್ರ ಬಣ್ಣ ನಂಬಬೇಡ್ರಿ, ಕಾಯಿನ್ ಹಾಕುವ ಸಂದಿ ಅಳೆಯಿರಿ.

ಇಂಥ ಕುದುರೆಯ ಮೂಲ ಅಮೆರಿಕ. ಮಿಸೌರಿಯ ಸೈಕ್‌ಸ್ಟನ್ ಊರಿನ ಜೇಮ್ಸ್ ಆಟೊ ಹಾಸ್ 1930ರಲ್ಲಿ ತನ್ನ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆಯೆಂದು ಮಾಡಿದ್ದು. ಮೊದಲು ಮರದ ಕುದುರೆ. ಭಾರ ಜಾಸ್ತಿಯಾಯಿತೆಂದು ಅಲ್ಯೂಮಿನಿಯಂ ಎರಕಕ್ಕೆ ಬಂದ. 1950ರ ದಶಕದಲ್ಲಿ ಅಲ್ಲಿ ಅಂಗಡಿ ಬಾಗಿಲುಗಳಲ್ಲಿ 10 ಸೆಂಟಿಗೆ ಕುಣಿದವು. ಫೈಬರ್ ಮೈ ಆಮೇಲಿನದು. ಹೊಟ್ಟೆಯ ಅಡಿ ಚೂರು ಕೆರೆದು ನೋಡಿ: ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ, ನಾರು ಕಂಡರೆ ಫೈಬರ್.

ಸಂದಿ ಯಾವ ನಾಣ್ಯದ ಅಗಲಕ್ಕಿದೆ ಎಂಬುದರಿಂದ ಕಾಲ ಊಹಿಸಬಹುದು. ಅಮೆರಿಕದ 10 ಸೆಂಟ್ ಸುಮಾರು 18 ಮಿ.ಮೀ. ನಮ್ಮ ಒಂದು ರೂಪಾಯಿ 1970ರ ದಶಕದ ಕೊನೆಗೆ 28, 1980ರ ದಶಕದ ನಡುವೆ 26, 1992ರ ಸ್ಟೀಲಿನದು 25, 2011ರಿಂದ 22, 2019ರ ಸರಣಿಯದು 20. ಸಂದಿಯ ಅಂಚಿನಲ್ಲಿ ಅರ ಉಜ್ಜಿದ ಗೆರೆಗಳಿದ್ದರೆ ಹೊರಗಿನಿಂದ ಬಂದ ಮಷಿನ್ನನ್ನು ಇಲ್ಲಿ ರೂಪಾಯಿಗೆ ಹೊಂದಿಸಿದ್ದಾರೆ ಅಂತಲೇ ಲೆಕ್ಕ. 25ರ ಸಂದಿಗೆ ಈಗಿನ ಒಂದು ರೂಪಾಯಿ ಹಾಕಿದರೆ ಸುಮ್ಮನೆ ಜಾರಿ ವಾಪಸ್ ಬರುತ್ತದೆ. 2011ರ ಸರಣಿಯ ಎರಡು ರೂಪಾಯಿ ಹಾಕಿ (2019ರ ಸರಣಿಯದು ಚಿಕ್ಕದು, ಆಗದು), ಅಗಲ, ತೂಕ (4.85 ಗ್ರಾಂ) ಎರಡೂ ಹಳೆ ಸ್ಟೀಲ್ ರೂಪಾಯಿಯಷ್ಟೇ. ಹೊರದೇಶದ ಕಾಯಿನ್ ಪೆಟ್ಟಿಗೆಯೊಳಗೆ ಕಬ್ಬಿಣದ ಬಿಲ್ಲೆ ಹಿಡಿಯಲು ಅಯಸ್ಕಾಂತ ಇರುತ್ತದೆ. ನಮ್ಮ ಸ್ಟೀಲ್ ನಾಣ್ಯ ಅದಕ್ಕೇ ಅಂಟಿಕೊಳ್ಳುತ್ತದೆ, ಹಾಗಾಗಿ ಅಯಸ್ಕಾಂತವನ್ನು ಬಿಚ್ಚಿಡಿ.

ಮೋಟಾರ್ ಪ್ಲೇಟಿನಲ್ಲಿ 115 ವೋಲ್ಟ್, 60 ಸೈಕಲ್ (ಹರ್ಟ್ಜ್) ಎಂದಿದ್ದರೆ ನೇರ ಪ್ಲಗ್ಗಿಗೆ ಹಾಕಿದ ಕೂಡಲೇ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆಯೇ ಹೊರತು ಸೈಕಲ್ 50 ಆಗಿಯೇ ಉಳಿಯುತ್ತದೆ: ನಿಮಿಷಕ್ಕೆ 1725 ಸುತ್ತಿನ ಮೋಟಾರ್ ಸುಮಾರು 1440ಕ್ಕೆ ಇಳಿದು ಕಾಯುತ್ತದೆ. 115ರ ಬದಲು 95–100 ವೋಲ್ಟ್ ಕೊಟ್ಟರೆ ತಡೆಯುತ್ತದೆ. ಅದಕ್ಕಿಂತ ಅದೇ ಎಚ್‌ಪಿಯ 230 ವೋಲ್ಟಿನ, 1440 ಸುತ್ತಿನ ಮೋಟಾರ್ ಕೂರಿಸುವುದು ವಾಸಿ. ಹಳೆಯದನ್ನು ಮಾರಬೇಡಿ, ಮುಂದೆ ಬೆಲೆ ಬರುವುದು ಅಸಲಿ ಭಾಗ ಇದ್ದರೆ.

ಕುದುರೆ ಟಕ್ ಟಕ್ ಎಂದು ಜಗ್ಗಿದರೆ ಕುದುರೆಯನ್ನು ಕುಣಿಸುವ ಕ್ರ್ಯಾಂಕಿನ ಬುಷ್ ಸವೆದಿರಬಹುದು. ನಿಲ್ಲದೇ ಓಡುತ್ತಿದ್ದರೆ ಟೈಮರಿನ ಮೈಕ್ರೋಸ್ವಿಚ್ ನೋಡಿ.

ಅಲ್ಯೂಮಿನಿಯಂ ಮೈಯಾದರೆ ಅರ್ಥಿಂಗ್ ಕಡ್ಡಾಯ, ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್). ಬಳ್ಳಾರಿಯ ಏಪ್ರಿಲ್–ಮೇ ಬಿಸಿಲಿಗೆ ಅರ್ಥಿಂಗ್ ಗುಂಡಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ, ಆಗಾಗ ನೀರು ಹೊಯ್ಯಿರಿ. ಮಗುವನ್ನು ಕೂರಿಸುವ ಮುಂಚೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಕೂಡಲೇ ಟ್ರಿಪ್ ಆಗದಿದ್ದರೆ ಮಷಿನ್ ಓಡಿಸಬೇಡಿ.