ಕಚ್ಚಾ ತೈಲ ಇಳಿಯಿತು ಅಂತ ಬಾಡಿಗೆ ಇಳಿಸಬೇಡಿ

ಕಚ್ಚಾ ತೈಲ ಬೀಳುತ್ತಿದೆ, ಪೆಟ್ರೋಲ್ ಇವತ್ತಲ್ಲ ನಾಳೆ ಇಳಿಯುತ್ತೆ, ಈಗಲೇ ಕಡಿಮೆ ಬಾಡಿಗೆಗೆ ಡೆಲಿವರಿ ಕೆಲಸ ಹಿಡಿಯಲಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು ನಾನು.

ಆಗ 2014ರ ಕೊನೆ. ಜಗತ್ತಿನಲ್ಲಿ ಕಚ್ಚಾ ತೈಲದ ಬೆಲೆಗೆ ಅಳತೆಗೋಲಾಗಿ ನೋಡುವ ಬ್ರೆಂಟ್ ತೈಲ, ಜೂನ್‌ನಲ್ಲಿ ಬ್ಯಾರೆಲ್‌ಗೆ 115 ಡಾಲರ್ ಮುಟ್ಟಿದ್ದದ್ದು, ಅರ್ಧಕ್ಕೆ ಬಂದಿತ್ತು. ನಾನು ಪೆಟ್ರೋಲ್ ವ್ಯಾನ್‌ಗಳನ್ನು ಬಾಡಿಗೆಗೆ ಓಡಿಸುತ್ತಿದ್ದೆ. ದೊಡ್ಡ ಗಿರಾಕಿಯೊಬ್ಬರು ಷರತ್ತು ಹಾಕಿದರು: ಕಚ್ಚಾ ತೈಲ ಶೇಕಡಾ ಎಷ್ಟು ಇಳಿಯುತ್ತದೋ, ಬಾಡಿಗೆಯಲ್ಲಿ ಇಂಧನದ ಪಾಲೂ ಅಷ್ಟೇ ಇಳಿಯಬೇಕು. ನ್ಯಾಯವಾಗಿದೆ ಅನ್ನಿಸಿ ಸಹಿ ಹಾಕಿಬಿಟ್ಟೆ. 2016ರ ಜನವರಿಗೆ ಬ್ರೆಂಟ್ 30 ಡಾಲರ್‌ಗಿಂತ ಕೆಳಗೆ ಹೋಯಿತು. ಅಂದರೆ ಮತ್ತೆ ಅರ್ಧ.

ಆ ಷರತ್ತಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಡಿಗೆ 100 ಅಂದುಕೊಳ್ಳಿ, ಅದರಲ್ಲಿ ಪೆಟ್ರೋಲ್ ಖರ್ಚು 40. ಆ 40ರಲ್ಲಿ ಕಚ್ಚಾ ತೈಲದ ಬೆಲೆ ಸುಮಾರು 20. ಉಳಿದದ್ದು ತೆರಿಗೆ, ಕಚ್ಚಾ ತೈಲವನ್ನು ಪೆಟ್ರೋಲ್ ಮಾಡುವ ರಿಫೈನರಿಯ ಖರ್ಚು, ಸಾಗಣೆ, ಬಂಕಿನವರ ಕಮಿಷನ್. ಲೀಟರಿಗೆ ಇಷ್ಟು ಅಂತ ಹಾಕಿದ ತೆರಿಗೆ ತೈಲ ಬಿದ್ದರೂ ಕದಲುವುದಿಲ್ಲ. ಹಾಗಾಗಿ ಕಚ್ಚಾ ತೈಲ ಅರ್ಧವಾದರೆ ನನಗೆ ಉಳಿಯುವುದು 10. ಷರತ್ತಿನ ಪ್ರಕಾರ ನಾನು ಬಿಟ್ಟುಕೊಡಬೇಕಾದದ್ದು 20. ಆ ವ್ಯತ್ಯಾಸದಲ್ಲೇ ನನ್ನ ಲಾಭ ಪೂರ್ತಿ ಹೋಯಿತು. ಗಿರಾಕಿ ಮೋಸ ಮಾಡಲಿಲ್ಲ. ನಾನೇ ಕಚ್ಚಾ ತೈಲ ಅಂದರೆ ಪೆಟ್ರೋಲ್ ಅಂದುಕೊಂಡಿದ್ದೆ.

ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪಿದೆ. ಪೆಟ್ರೋಲ್‌ಗೆ ಅದರದ್ದೇ ಮಾರುಕಟ್ಟೆ ಇದೆ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂದು ಅಮೆರಿಕದ ದಕ್ಷಿಣ ಕರಾವಳಿಯ ಹಲವು ರಿಫೈನರಿಗಳು ನಿಂತವು. ಪೆಟ್ರೋಲ್ ಗ್ಯಾಲನ್‌ಗೆ 3 ಡಾಲರ್ ದಾಟಿತು. ರಿಫೈನರಿ ನಿಂತರೆ ಕಚ್ಚಾ ತೈಲ ಕೊಳ್ಳುವವರು ಕಡಿಮೆಯಾಗುತ್ತಾರೆ, ಪೆಟ್ರೋಲ್ ಮಾತ್ರ ಸಿಗುವುದಿಲ್ಲ. ಒಂದು ಇಳಿಯುವಾಗಲೇ ಇನ್ನೊಂದು ಏರಬಹುದು. ತೈಲ ಕೊಳ್ಳುವುದು ಡಾಲರ್‌ನಲ್ಲಿ, ಡಾಲರ್ ದುಬಾರಿಯಾದರೆ ಅದೂ ಒಂದು ಹೊಡೆತ.

ಕಚ್ಚಾ ತೈಲ ಇಳಿದರೂ ಪೆಟ್ರೋಲ್ ಬೇಗ ಇಳಿಸದಿರುವುದು ಲೂಟಿ ಅಂತಲೂ ಬರೆದಿದ್ದೀರಿ. ಸ್ವಲ್ಪ ನಿಜ. ಪೆಟ್ರೋಲ್ ಬೆಲೆ ರಾಕೆಟ್‌ನಂತೆ ಏರುತ್ತದೆ, ಗರಿಯಂತೆ ಇಳಿಯುತ್ತದೆ ಅಂತ ಅರ್ಥಶಾಸ್ತ್ರದಲ್ಲಿ ಒಂದು ಮಾತೇ ಇದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಬೇಕನ್ 1991ರಲ್ಲಿ ಬ್ರಿಟನ್ನಿನ ಪೆಟ್ರೋಲ್ ಬೆಲೆ ನೋಡಿ ಹೇಳಿದ್ದು. ಬಂಕಿನಿಂದ ಬಂಕಿಗೆ ದರ ಬೇರೆ ಇರುವ ಅಂಥ ಕಡೆ, ಬೆಲೆ ಏರುವಾಗ ಜನ ಅಗ್ಗದ ಬಂಕ್ ಹುಡುಕಿ ಅಲೆಯುತ್ತಾರೆ. ಇಳಿಯುವಾಗ ಸಿಕ್ಕಿದ ಬಂಕಿಗೇ ನುಗ್ಗುತ್ತಾರೆ. ಆಮೇಲೆ ಬಂಕಿನವರಾದರೂ ಯಾಕೆ ಬೇಗ ಇಳಿಸುತ್ತಾರೆ? ಆದರೆ ಈ ಜಗಳ ಗೆದ್ದರೂ ನಿಮ್ಮ ಬಾಡಿಗೆ ಲೆಕ್ಕ ಸರಿಹೋಗುವುದಿಲ್ಲ.

ಬ್ರೆಂಟ್ ಚಾರ್ಟ್ ನೋಡುವುದನ್ನು ಇವತ್ತೇ ಬಿಡಿ. ಒಪ್ಪಂದದಲ್ಲಿ ಕಚ್ಚಾ ತೈಲ ಅನ್ನೋ ಪದವೇ ಇರಬಾರದು. ಪ್ರತಿ ತಿಂಗಳ ಒಂದನೇ ತಾರೀಕಿನ ಬಂಕ್ ದರ ಅಂತ ಬರೆಸಿ. ಏರಿದರೆ ನಿಮಗೆ ಜಾಸ್ತಿ, ಇಳಿದರೆ ಅವರಿಗೆ ಕಡಿಮೆ, ಅದೂ ಇಂಧನದ ಪಾಲಿಗೆ ಮಾತ್ರ. ಗಿರಾಕಿ ಒಪ್ಪದಿದ್ದರೆ ಆ ಕೆಲಸ ಬೇರೆಯವರು ಹಿಡಿಯಲಿ.